ಕಿಟ್ ಕಾರಿನ ಗೇರ್ ಲಿವರ್: ಗರಗಸ ಹಿಡಿಯುವ ಮುಂಚಿನ ಕೆಲಸ

ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಕಟ್ಟಿದ ಕಿಟ್ ಕಾರಿನ ಗೇರ್ ಲಿವರ್ ಬಗ್ಗೆ ಕೇಳಿಬರುವ ದೂರು ಎರಡು. ಒಂದು, ಗೇರ್ ಬದಲಿಸಲು ಕೈ ತುಂಬಾ ದೂರ ಹೋಗಬೇಕು. ಇನ್ನೊಂದು, ಗೇರ್ ಬಿತ್ತೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲ. ಎರಡಕ್ಕೂ ಹೆಚ್ಚಿನವರು ಮಾಡುವುದು ಒಂದೇ ಮದ್ದು: ಲಿವರ್ ಕತ್ತರಿಸಿ ಗಿಡ್ಡ ಮಾಡುವುದು. ನನ್ನ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಸವೆದ ಬುಶ್ (ಲಿವರಿನ ತುದಿಗೆ ಹಾಕುವ ನೈಲಾನ್ ಉಂಗುರ) ಮತ್ತು ರಬ್ಬರ್ ಬದಲಿಸಿ, ಹಳೇ ಆಯಿಲ್ ತೆಗೆದು, ಮೂಲ ಉದ್ದದಲ್ಲೇ ಜೋಡಿಸಿ ನೋಡುತ್ತೇನೆ. ಕತ್ತರಿಸುವ ಮಾತು ಆಮೇಲೆ. ಉದ್ದದ್ದೆಂದು ಅನ್ನಿಸುವ ಚಲನೆಯಲ್ಲಿ ಒಂದಷ್ಟು ಪಾಲು ಬರೀ ಆಟವೇ (ಸಡಿಲು ಅಲ್ಲಾಟ) ಇರುತ್ತದೆ, ಅದು ಹುಟ್ಟುವುದು ಸವೆತದಿಂದ, ಲಿವರಿನ ಉದ್ದದಿಂದಲ್ಲ.

ಇಲ್ಲಿ ಬರೆದಿರುವುದು ಮಜ್ದಾ ಎಂಎಕ್ಸ್-5 ಕಾರಿನ 5 ಗೇರಿನ ಗೇರ್‌ಬಾಕ್ಸ್ ಹಾಕಿದ ಕಿಟ್ ಕಾರಿನ ಬಗ್ಗೆ. 1989ರಲ್ಲಿ ಬಂದ ಮೊದಲ ಪೀಳಿಗೆಗೂ ಅದರ ನಂತರದ ಪೀಳಿಗೆಗೂ ಇದೇ ಜೋಡಣೆ. ಫೋರ್ಡ್ ಸಿಯೆರಾದ ಟೈಪ್ 9 ಗೇರ್‌ಬಾಕ್ಸ್ ಬಳಸುವವರಿಗೆ ಭಾಗಗಳು ಬೇರೆಯಾದರೂ ಅಳತೆ, ಜಾಗ, ಪರೀಕ್ಷೆಯ ವಿಚಾರ ಹಾಗೇ ಹೊಂದುತ್ತದೆ.

ಒಳಗೆ ಏನಿದೆ ಅಂತ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಗೇರ್‌ಬಾಕ್ಸಿನ ಹಿಂಭಾಗದ ಮೇಲೆ ಅಲ್ಯೂಮಿನಿಯಂನ ಒಂದು ಕುಳಿಯಿದೆ. ಇದನ್ನು ಟರೆಟ್ ಅನ್ನುತ್ತಾರೆ. ಲಿವರಿನ ನಡುವೆ ಇರುವ ಗುಂಡು ಈ ಟರೆಟ್ಟಿನಲ್ಲಿ ಕೂರುತ್ತದೆ, ಸುತ್ತ ನೈಲಾನ್ ಸೀಟು. ಗುಂಡಿನ ಕೆಳಗೆ ಚಾಚಿಕೊಂಡ ತುದಿಗೆ ಇನ್ನೊಂದು ಚಿಕ್ಕ ನೈಲಾನ್ ಬುಶ್. ಅದು ಗೇರ್ ಆರಿಸುವ ಸೆಲೆಕ್ಟರ್ ರಾಡಿನ ಕುಳಿಯೊಳಗೆ ಹೋಗಿ ಅದನ್ನು ಆಡಿಸುತ್ತದೆ. ಗುಂಡಿನ ಮೇಲೆ ಒಂದು ಸ್ಪ್ರಿಂಗ್ ವಾಷರ್, ಅದರ ಮೇಲೆ ಲೋಹದ ತಟ್ಟೆಗೆ ಅಂಟಿದ ಚಿಕ್ಕ ರಬ್ಬರ್ ಬೂಟು, ಅಂದರೆ ಆಯಿಲ್ ಮತ್ತು ದೂಳು ತಡೆಯುವ ಮುಸುಕು. ಮೂರು ಬೋಲ್ಟು ಇಷ್ಟನ್ನೂ ಒತ್ತಿ ಹಿಡಿಯುತ್ತವೆ. ಇದರ ಮೇಲೆ ಟನಲ್ಲಿಗೆ (ಸೀಟುಗಳ ನಡುವೆ ಗೇರ್‌ಬಾಕ್ಸನ್ನು ಮುಚ್ಚುವ ಉಬ್ಬಿಗೆ) ಕೂರುವ ದೊಡ್ಡ ರಬ್ಬರ್ ಬೂಟು, ಕೊನೆಗೆ ಕಣ್ಣಿಗೆ ಕಾಣುವ ಚರ್ಮದ ಹೊದಿಕೆ.

ಟರೆಟ್ಟಿಗೆ ತನ್ನದೇ ಆಯಿಲ್ ಇದೆ, ಸುಮಾರು 80ರಿಂದ 95 ಮಿ.ಲೀ. ಗೇರ್‌ಬಾಕ್ಸಿನ ಆಯಿಲ್ ಬದಲಿಸಿದರೆ ಇದು ಬದಲಾಗುವುದಿಲ್ಲ. ಹಾಗಾಗಿ ಹಳೇ ಕಾರಿನಿಂದ ಕಳಚಿ ತಂದ ಗೇರ್‌ಬಾಕ್ಸಿನಲ್ಲಿ ಟರೆಟ್ ಒಣಗಿರುತ್ತದೆ, ಇಲ್ಲವೇ ಡಾಂಬರಿನಂಥ ಕೆಸರು ತುಂಬಿರುತ್ತದೆ. ಕಾರಣ ಬಹುಪಾಲು ಆ ಚಿಕ್ಕ ರಬ್ಬರ್ ಬೂಟು. ಲಿವರಿನ ಕುತ್ತಿಗೆಯ ಸುತ್ತ ಅದು ಹರಿದುಹೋದರೆ ಆಯಿಲ್ ಮೇಲಕ್ಕೆ ಚಿಮ್ಮಿ ಖಾಲಿಯಾಗುತ್ತದೆ, ಆ ಸೀಳಿನಿಂದಲೇ ದೂಳು ಒಳಗೆ ಇಳಿಯುತ್ತದೆ. ದೂಳು ಬೆರೆತ ಎಣ್ಣೆ ನೈಲಾನನ್ನು ಉಜ್ಜಿ ಉಜ್ಜಿ ತಿನ್ನುತ್ತದೆ. ಬೂಟು ಹರಿದಿದ್ದರೆ ಬುಶ್ ಕೂಡ ಮುಗಿದಿದೆ ಅಂತಲೇ ಲೆಕ್ಕ ಹಾಕಿ. ಒಂದನ್ನು ಮಾತ್ರ ತರಿಸಬೇಡಿ. ತರಿಸಬೇಕಾದದ್ದು ಇಷ್ಟು: ಚಿಕ್ಕ ಬೂಟು, ಗುಂಡಿನ ಸೀಟು, ತುದಿಯ ಬುಶ್, ಸ್ಪ್ರಿಂಗ್ ವಾಷರ್, ಜೊತೆಗೆ ಒಂದು ಲೀಟರಿಗಿಂತ ಕಡಿಮೆ ಗೇರ್ ಆಯಿಲ್.

ಕಳಚುವುದು ಕಷ್ಟವಿಲ್ಲ. ನಾಬ್ ತಿರುಗಿಸಿ ತೆಗೆದು, ದೊಡ್ಡ ಬೂಟು ಬಿಚ್ಚಿ, ಬೋಲ್ಟುಗಳಿಗೆ ಕೈ ಹಾಕುವ ಮುಂಚೆ ಸುತ್ತಲಿನ ಮರಳು, ಮಣ್ಣನ್ನು ಬ್ರಷ್ ಮತ್ತು ವ್ಯಾಕ್ಯೂಮಿನಿಂದ ಪೂರ್ತಿ ತೆಗೆಯಿರಿ. ಗಾಳಿ ಊದಬೇಡಿ, ಕಸವೆಲ್ಲ ಹರಿದ ಬೂಟಿನ ಮೂಲಕ ಒಳಗೇ ಹೋಗುತ್ತದೆ. ಲಿವರ್ ನ್ಯೂಟ್ರಲ್‌ನಲ್ಲಿರಲಿ. ಮೂರು ಬೋಲ್ಟು ಬಿಚ್ಚಿ ನೆಟ್ಟಗೆ ಮೇಲಕ್ಕೆ ಎತ್ತಿ. ಸ್ಪ್ರಿಂಗ್ ವಾಷರಿನ ಉಬ್ಬು ಯಾವ ಕಡೆಗಿದೆ ಎಂದು ಅದನ್ನು ಅಲ್ಲಾಡಿಸುವ ಮೊದಲೇ ಫೋಟೋ ತೆಗೆದಿಡಿ.

ಎತ್ತಿದ ಲಿವರಿನ ತುದಿಯಲ್ಲಿ ಬುಶ್ ಇಲ್ಲದಿದ್ದರೆ ಅದು ಕೆಳಗಿನ ಕುಳಿಯಲ್ಲಿ ಉಳಿದಿದೆ, ಅಥವಾ ಚೂರುಚೂರಾಗಿ ತಳ ಸೇರಿದೆ. ಹಳೇ ನೈಲಾನ್ ಮೊಟ್ಟೆಯ ಓಡಿನ ಹಾಗೆ ಮುರಿಯುತ್ತದೆ. ಸಿರಿಂಜಿಗೆ ಪೈಪಿನ ತುಂಡು ಸಿಕ್ಕಿಸಿ ಹಳೇ ಆಯಿಲ್ ಪೂರ್ತಿ ಹೀರಿ, ಟಾರ್ಚ್ ಬಿಟ್ಟು ನೋಡಿ, ಉದ್ದ ಮೂತಿಯ ಇಕ್ಕಳದಿಂದ ಒಂದೊಂದೇ ಚೂರು ತೆಗೆಯಿರಿ. ತೆಗೆದ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ಉಂಗುರ ಪೂರ್ತಿಯಾಯಿತೇ ಎಂದು ನೋಡುವುದು ಒಳ್ಳೆಯದು. ಒಳಗುಳಿದ ಒಂದು ಚೂರು ಹೊಸ ಬುಶ್ಶಿನ ದಾರಿಗೆ ಅಡ್ಡ ಬರುತ್ತದೆ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಅದೇ ಬಟ್ಟೆಯನ್ನು ಬಾಯಿಗೆ ತುರುಕಿ ಮುಚ್ಚಿಡಿ. ಇನ್ನು ಮುಂದೆ ಲಿವರಿನ ಕೆಲಸವೆಲ್ಲ ಬೆಂಚಿನ ಮೇಲೆ.

ಗುಂಡನ್ನು ವರ್ನಿಯರಿನಲ್ಲಿ ಎರಡು ದಿಕ್ಕಿಗೆ ಅಳೆಯುತ್ತೇನೆ, ಹಿಂದುಮುಂದು ಮತ್ತು ಎಡಬಲ. ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ 400, 800, 1200ರ ಎಮರಿ ಕಾಗದದಲ್ಲಿ ಆ ಕ್ರಮದಲ್ಲೇ ಎಣ್ಣೆ ಹಾಕಿ ಉಜ್ಜಿದರೆ ಸಾಕು. ಕಾಗದವನ್ನು ಒಂದೇ ಜಾಗದಲ್ಲಿ ಆಡಿಸದೆ ಗುಂಡಿನ ಸುತ್ತ ಪಟ್ಟಿಯಂತೆ ಎಳೆಯಬೇಕು, ಇಲ್ಲದಿದ್ದರೆ ನೀವೇ ಅದನ್ನು ಚಪ್ಪಟೆ ಮಾಡಿದಂತಾಗುತ್ತದೆ. ಉಗುರಿಗೆ ಸಿಗುವಷ್ಟು ಗುಳಿಗಳಿದ್ದರೆ ಬೇರೆ ಲಿವರ್ ಹುಡುಕಿ, ಹೊಸ ನೈಲಾನ್ ಅದರ ಮೇಲೆ ಬಾಳುವುದಿಲ್ಲ. ಗುಂಡಿನ ಮೇಲಿನ ರಾಡಿಗೆ ತುಕ್ಕಿದ್ದರೆ ವೈರ್ ಬ್ರಷ್ ಹಾಕಿ ಬಣ್ಣ ಬಳಿಯಬಹುದು. ಗುಂಡಿಗೂ ಬೂಟು ಕಚ್ಚುವ ಕುತ್ತಿಗೆಗೂ ಬಣ್ಣ ತಾಗದಂತೆ ಟೇಪ್ ಸುತ್ತಿರಿ.

ಜೋಡಿಸುವಾಗ ಸೀಟು ಮೊದಲು, ಆಮೇಲೆ ಆಯಿಲ್. 75ಡಬ್ಲ್ಯೂ-90 ದರ್ಜೆಯ ಜಿಎಲ್-4 ಆಯಿಲನ್ನು ಸಿರಿಂಜಿನಲ್ಲಿ ಅಳೆದು ಹಾಕುತ್ತೇನೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಜಿಎಲ್-5 ಡಿಫರೆನ್ಶಿಯಲ್ಲಿಗೆ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿಗೆ) ಸರಿ. ಅದೇ ಡಬ್ಬಿಯಿಂದ ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ಬೇಡ, ಸಿಂಕ್ರೋ ಉಂಗುರಗಳಿಗೆ (ಗೇರ್ ಸೇರುವ ಮುಂಚೆ ವೇಗ ಸರಿಹೊಂದಿಸುವ ಉಂಗುರಗಳಿಗೆ) ಬೇಕಾದ ಹಿಡಿತ ಅದರಲ್ಲಿ ಸಿಗದೆ ಗೇರ್ ಕಿರುಗುಟ್ಟುತ್ತದೆ. ತುದಿಯ ಬುಶ್ಶಿಗೆ ಅದೇ ಆಯಿಲ್ ಸವರಿ ಲಿವರ್ ಇಳಿಸಿ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬೋಲ್ಟು ಹಾಕುವ ಮುಂಚೆ ಕೈಯಲ್ಲಿ ಒತ್ತಿದರೆ ತಟ್ಟೆಯು ಸ್ಪ್ರಿಂಗ್ ವಾಷರಿನ ಬಿಗಿಯಷ್ಟೇ ಮೇಲೆ ನಿಲ್ಲಬೇಕು, ಒಂದೆರಡು ಮಿ.ಮೀ. ಅದಕ್ಕಿಂತ ಮೇಲಿದ್ದರೆ ತುದಿ ಸೆಲೆಕ್ಟರಿನ ಕುಳಿಗೆ ಇಳಿದಿಲ್ಲ, ಅಂಚಿನ ಮೇಲೆ ಕೂತಿದೆ. ಬೋಲ್ಟಿನಿಂದ ಎಳೆದು ಕೂರಿಸೋಣ ಅಂತ ಹೋದರೆ ಹೊಸ ಬುಶ್ ಸೀಳುತ್ತದೆ, ಟರೆಟ್ಟಿನ ಕಿವಿ ಮುರಿದರೂ ಮುರಿಯಿತು. ಲಿವರನ್ನು ಮೆಲ್ಲಗೆ ಸುತ್ತ ಆಡಿಸಿದರೆ "ಟಕ್" ಅಂತ ತಾನಾಗಿ ಇಳಿಯುತ್ತದೆ. ಆಮೇಲೆ ಮೂರನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ 8ರಿಂದ 10 ನ್ಯೂಟನ್ ಮೀಟರ್. ಅಲ್ಯೂಮಿನಿಯಂ ಥ್ರೆಡ್ ಇದಕ್ಕಿಂತ ಹೆಚ್ಚು ಕೇಳುವುದಿಲ್ಲ.

ಈಗ ಹೊಸ ಬುಶ್ ಹಾಕಿದ ಮೂಲ ಉದ್ದದ ಲಿವರ್ ಕೈಯಲ್ಲಿದೆ. ಲೆಕ್ಕ ಹಾಕುವ ಹೊತ್ತು. ಗುಂಡಿನ ಮಧ್ಯದಿಂದ ನಾಬಿನ ಮಧ್ಯಕ್ಕೆ 240 ಮಿ.ಮೀ., ಗುಂಡಿನ ಮಧ್ಯದಿಂದ ತುದಿಗೆ 60 ಮಿ.ಮೀ. ಅಂತ ಇಟ್ಟುಕೊಳ್ಳಿ, ಅನುಪಾತ 4. ತುದಿಯಲ್ಲಿ 1 ಮಿ.ಮೀ. ಆಟವಿದ್ದರೆ ನಾಬಿನಲ್ಲಿ ಅದು 4 ಮಿ.ಮೀ. ಬುಶ್ ಬದಲಿಸಿದರೆ ಹೋಗುವುದು ಇದು. ಮೇಲಿನಿಂದ 50 ಮಿ.ಮೀ. ಕತ್ತರಿಸಿದರೆ ಅನುಪಾತ 3.17ಕ್ಕೆ ಇಳಿದು ಕೈಯ ಚಲನೆ ಸುಮಾರು ಶೇ. 21 ಕಡಿಮೆಯಾಗುತ್ತದೆ, ಒತ್ತಬೇಕಾದ ಬಲ ಸುಮಾರು ಶೇ. 26 ಹೆಚ್ಚುತ್ತದೆ. ಚಳಿಯಲ್ಲಿ ಮೊದಲೇ ಬಿಗಿಯಿರುವ ಎರಡನೇ ಗೇರಿಗೆ ಈ ಹೆಚ್ಚುವರಿ ಚೆನ್ನಾಗಿಯೇ ಗೊತ್ತಾಗುತ್ತದೆ. 50ಕ್ಕಿಂತ ಹೆಚ್ಚು ಕತ್ತರಿಸುವುದು ನನ್ನ ಪ್ರಕಾರ ಬೇಡ.

ಆದರೆ ಕಿಟ್ ಕಾರಿನಲ್ಲಿ ಉದ್ದಕ್ಕಿಂತ ಜಾಗವೇ ದೊಡ್ಡ ತಲೆನೋವು. ಸೀಟು ತಗ್ಗಿನಲ್ಲಿರುತ್ತದೆ, ಟನಲ್ ಎತ್ತರವಾಗಿ ಮೈಗೆ ತಾಗಿಕೊಂಡಿರುತ್ತದೆ, ಡ್ಯಾಶ್‌ಬೋರ್ಡ್ ಹತ್ತಿರ. 1, 3, 5ರಲ್ಲಿ ಗೆಣ್ಣು ಸ್ವಿಚ್ಚುಗಳಿಗೆ ಬಡಿಯುತ್ತದೆ. 2, 4ರಲ್ಲಿ ಮೊಣಕೈ ಹಿಂದಿನ ಗೋಡೆಗೆ ತಾಗುತ್ತದೆ. ಇದನ್ನು ನಿಂತು ನೋಡಿ ನಿರ್ಧರಿಸಲಾಗದು. ಸೀಟು, ಸ್ಟೀರಿಂಗ್ ಎರಡೂ ಅದರದರ ಜಾಗದಲ್ಲಿರಬೇಕು, ನಾಲ್ಕು ಬಿಂದುವಿನ ಬೆಲ್ಟ್ ಆದರೆ ಅದನ್ನು ಬಿಗಿದು ಕೂರಬೇಕು. ಅದರಲ್ಲಿ ಭುಜ ಮುಂದಕ್ಕೆ ಬಾಗುವುದಿಲ್ಲ, ಬೆಲ್ಟಿಲ್ಲದೆ ಸಿಕ್ಕುತ್ತಿದ್ದ ಮೂರನೇ ಗೇರ್ ಬೆಲ್ಟ್ ಹಾಕಿದ ಮೇಲೆ ಸಿಕ್ಕದಿರಬಹುದು. ಐದೂ ಗೇರ್ ಮತ್ತು ರಿವರ್ಸ್ ಹಾಕಿ, ಗೆಣ್ಣಿಗೂ ಡ್ಯಾಶಿಗೂ ಕನಿಷ್ಠ 40 ಮಿ.ಮೀ. ಉಳಿಯುವುದನ್ನು ನೋಡಿಕೊಳ್ಳುತ್ತೇನೆ.

ನಾಬ್ ಹಿಂದಕ್ಕೆ ಬರಬೇಕಾದರೆ ರಾಡನ್ನು ಬಗ್ಗಿಸಬೇಕಾಗುತ್ತದೆ. ಇದಕ್ಕೂ ಬೆಲೆಯಿದೆ. ನಾಬನ್ನು ಗುಂಡಿನಿಂದ 80 ಮಿ.ಮೀ. ಹಿಂದಕ್ಕೆ ತಂದರೆ, ಲಿವರ್ 8 ಡಿಗ್ರಿ ಮುಂದಕ್ಕೆ ವಾಲಿದಾಗ ನಾಬ್ ಸುಮಾರು 11 ಮಿ.ಮೀ. ಮೇಲೇಳುತ್ತದೆ, ಹಿಂದಕ್ಕೆ ವಾಲಿದಾಗ ಅಷ್ಟೇ ಇಳಿಯುತ್ತದೆ. ಗೇರ್ ಬದಲಿಸುವ ಬದಲು ಪಂಪ್ ಹೊಡೆದಂತೆ ಅನ್ನಿಸುವುದು ಇದರಿಂದಲೇ. 50 ಮಿ.ಮೀ. ಒಳಗೆ ಮುಗಿಯುವುದಾದರೆ ಬಗ್ಗಿಸಿ; ಅದಕ್ಕಿಂತ ಹೆಚ್ಚು ಬೇಕಿದ್ದರೆ ಡ್ಯಾಶಿನ ಸ್ವಿಚ್ಚುಗಳನ್ನು ಅಥವಾ ಸೀಟನ್ನು ಸರಿಸುವ ದಾರಿ ಮೊದಲು ನೋಡಿ.

ಕತ್ತರಿಸಲೇಬೇಕಾದರೆ ಮೇಲಿನ ಥ್ರೆಡ್ಡನ್ನು ಉಳಿಸಿಕೊಂಡು ನಡುವಿನಿಂದ ತುಂಡು ತೆಗೆಯುವುದು ಉತ್ತಮ. ಎರಡೂ ಕೊನೆಗಳನ್ನು ಇಳಿಜಾರಾಗಿ ಗ್ರೈಂಡ್ ಮಾಡಿ, ಒಂದೇ ಸಾಲಿನಲ್ಲಿರುವಂತೆ ಆ್ಯಂಗಲ್ ಕಬ್ಬಿಣದ ಒಳಮೂಲೆಯಲ್ಲಿ ಮಲಗಿಸಿ ಕ್ಲ್ಯಾಂಪ್ ಹಾಕಿ ವೆಲ್ಡ್ ಮಾಡಬೇಕು. ನೈಲಾನ್, ರಬ್ಬರ್ ಎಲ್ಲವನ್ನೂ ಮೊದಲೇ ತೆಗೆದಿಟ್ಟು, ಗುಂಡಿನ ಹತ್ತಿರ ಒದ್ದೆ ಬಟ್ಟೆ ಸುತ್ತಿ. ಕೆಲವು ಲಿವರುಗಳ ನಡುವೆ ರಬ್ಬರ್ ಸೇರಿಸಿದ ಜೋಡಣೆ ಇರುತ್ತದೆ, ಟೈಪ್ 9ರದ್ದು ಹಾಗೇ. ಅದರ ಹತ್ತಿರ ಶಾಖ ಹೋದರೆ ಲಿವರ್ ಕೆಟ್ಟಂತೆಯೇ. ವೆಲ್ಡಿಂಗ್ ಇಲ್ಲದವರು ಮೇಲಿನಿಂದ ಕತ್ತರಿಸಿ ಲೇತಿನಲ್ಲಿ 9.8ರಿಂದ 9.9 ಮಿ.ಮೀ.ಗೆ ತಿರುವಿ ಡೈ ಹಾಕಿ ಹೊಸ ಥ್ರೆಡ್ ಮಾಡಿಕೊಳ್ಳಬಹುದು. ಎಂಎಕ್ಸ್-5ರ ನಾಬ್ ಥ್ರೆಡ್ ಎಂ10, 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ, ಮಿ.ಮೀ.ನಲ್ಲಿ). ಸಾಮಾನ್ಯ ಎಂ10 ನಟ್ 1.5 ಪಿಚ್ಚಿನದು, ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಥ್ರೆಡ್ ಹೋಯಿತು. ನಾಬಿನ ಕೆಳಗೆ 1.25 ಪಿಚ್ಚಿನದೇ ಒಂದು ಲಾಕ್ ನಟ್ ಹಾಕಿ, ಗೇರ್ ನಕ್ಷೆ ನೇರ ಬರುವಂತೆ ನಿಲ್ಲಿಸಿ ಬಿಗಿಯಿರಿ. ಥ್ರೆಡ್ ಲಾಕರ್ ಅಂಟು ಬೇಡ, ಪ್ಲಾಸ್ಟಿಕ್ ನಾಬುಗಳಲ್ಲಿ ಕೆಲವು ಅದರಿಂದ ಸೀಳುತ್ತವೆ.

ಟನಲ್ಲಿನ ತೂತಿನ ವಿಚಾರಕ್ಕೆ ಬಂದರೆ, ಅಂದಕ್ಕೆ ಅಂತ ಚಿಕ್ಕದು ಕೊರೆಯುವವರೇ ಹೆಚ್ಚು. ಲಿವರ್ ನಿಂತಿರುವುದು ಗೇರ್‌ಬಾಕ್ಸಿನ ಮೇಲೆ, ಚಾಸಿಯ ಮೇಲಲ್ಲ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ವಾಲಿದಾಗಲೆಲ್ಲ ಲಿವರ್ ಕೂಡ ಪಕ್ಕಕ್ಕೆ ವಾಲುತ್ತದೆ. ಮೂಲ ಕಾರಿನಲ್ಲಿ ಗೇರ್‌ಬಾಕ್ಸನ್ನೂ ಡಿಫರೆನ್ಶಿಯಲ್ಲನ್ನೂ ಜೋಡಿಸುವ ಉದ್ದನೆಯ ಫ್ರೇಮ್ ಇದೆ. ಅದನ್ನು ಬಿಟ್ಟು ಹಿಂದೆ ಬೇರೆ ಮೌಂಟ್ ಮಾಡಿಕೊಂಡ ಚಾಸಿಯಲ್ಲಿ ಈ ವಾಲಾಟವನ್ನು ಇನ್ನೂ ಗಮನಿಸಬೇಕು. ಪ್ರತಿ ಗೇರಿನಲ್ಲೂ, ರಾಡಿನ ಮೈಯಿಂದ ತೂತಿನ ಅಂಚಿಗೆ 15 ಮಿ.ಮೀ. ಉಳಿಯಲಿ. ಮೇಲಿನ ತಗಡನ್ನು ರಿವೆಟ್ ಹೊಡೆಯದೆ ಎಂ5 ರಿವೆಟ್ ನಟ್ ಮತ್ತು ಸ್ಕ್ರೂ ಹಾಕಿ ಬಿಚ್ಚುವಂತೆ ಮಾಡಿ, ಮೂರು ಬೋಲ್ಟಿಗೂ ಸ್ಪ್ಯಾನರ್ ಇಳಿಯುವಷ್ಟು ದೊಡ್ಡದಾಗಿ. ಇಲ್ಲದಿದ್ದರೆ ಮುಂದಿನ ಸಲ ಬುಶ್ ಬದಲಿಸಲು ಗೇರ್‌ಬಾಕ್ಸೇ ಇಳಿಸಬೇಕು.

ಒಂದೇ ಗೇರ್ ಜಾರಿ ನ್ಯೂಟ್ರಲ್ಲಿಗೆ ಬೀಳುತ್ತಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಈ ಅಂಚನ್ನು ನೋಡಿ. ಲಿವರ್ ಅಂಚಿಗೆ ತಾಗಿದರೆ ಗೇರ್ ಪೂರ್ತಿ ಕೂರುವುದೇ ಇಲ್ಲ. ಬಿಗಿಯಾಗಿ ಹೊಲಿದ ಚರ್ಮದ ಹೊದಿಕೆಯೂ ಇದೇ ಕೆಲಸ ಮಾಡುತ್ತದೆ. ಹೊದಿಕೆ ತೆಗೆದು ಓಡಿಸಿದಾಗ ಜಾರದಿದ್ದರೆ ಕಳ್ಳ ಸಿಕ್ಕಿದ. ಎರಡನೇ ಗೇರ್ ಮಾತ್ರ ಕರಕರ ಅಂದರೆ ಅದು ಸಿಂಕ್ರೋ ಸವೆತ, ಲಿವರಿಗೆ ಏನು ಮಾಡಿದರೂ ಹೋಗದು. ರಿವರ್ಸ್ ಹಾಕುವಾಗ ಸದ್ದು ಬಂದರೆ ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡ್ ಕಾದು ಹಾಕಿ. ಆಗಲೂ ಸದ್ದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೆಡಲ್ ಚಲನೆಯನ್ನೋ ಹೈಡ್ರಾಲಿಕ್ ಪೈಪಿನಲ್ಲಿ ಉಳಿದ ಗಾಳಿಯನ್ನೋ ಸರಿಪಡಿಸಬೇಕು. ಇನ್ನು ಎಂಜಿನ್ ಆಫ್ ಇದ್ದಾಗ ಗೇರ್ ಬೀಳದಿದ್ದರೆ ಗಾಬರಿಯಾಗಬೇಡಿ. ಒಳಗಿನ ಹಲ್ಲುಗಳು ಎದುರುಬದುರಾಗಿ ನಿಂತಿರುತ್ತವೆ, ಅಷ್ಟೇ. ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆತ್ತಿ ಒಬ್ಬರು ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿರಲಿ, ಇನ್ನೊಬ್ಬರು ಒಳಗೆ ಕೂತು ಕ್ಲಚ್ ಒತ್ತಿ ಹಾಕುತ್ತಾ ಹೋದರೆ ಎಲ್ಲ ಗೇರೂ ಬೀಳುತ್ತವೆ.