ಕಾಲೇಜು ಹುಡುಗರ ರ‍್ಯಾಪ್ ವಿಡಿಯೊ: ಶೂಟಿಂಗ್‌ಗೆ ಮುಂಚೆ

ಹಾಡಿನ ಅಂತಿಮ ಮಿಕ್ಸ್ ಕೈಗೆ ಬರುವವರೆಗೂ ಶೂಟಿಂಗ್ ಶುರು ಮಾಡಬೇಡಿ. ಆಮೇಲೆ ಬೀಟ್ ಸ್ವಲ್ಪ ಬದಲಾದರೂ ತುಟಿ ಚಲನೆ ಕೂಡುವುದಿಲ್ಲ. ಮೂರು ನಿಮಿಷದ ಹಾಡಿಗೆ, ಶಾಟ್ ಎರಡು–ಮೂರು ಸೆಕೆಂಡಿನದಾದರೆ, 60ರಿಂದ 90 ಶಾಟ್ ಬೇಕು. ಪ್ರತಿ ಸಾಲಿನ ಪಕ್ಕ ಜಾಗ, ಬಟ್ಟೆ, ಯಾರು ಬೇಕು ಅಂತ ಬರೆದಿಡಿ.

ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ ತಕ್ಕಂತೆ ಟ್ಯೂಬ್‌ಲೈಟ್ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತದೆ. ಹಾಸ್ಟೆಲ್ ಟ್ಯೂಬ್‌ಲೈಟಿನಡಿ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ) 1/50 ಸೆಕೆಂಡ್ ಇಡಿ. 1/60 ಇಟ್ಟರೆ ಚಿತ್ರದಲ್ಲಿ ಪಟ್ಟಿ ಓಡುವ ಸಾಧ್ಯತೆ ಹೆಚ್ಚು. ಸ್ಲೋ ಮೋಷನ್‌ನಲ್ಲಿ ಹಾಡಿಸಬೇಕೇ? 50 ಫ್ರೇಮ್‌ನಲ್ಲಿ ತೆಗೆಯಿರಿ, ಸ್ಪೀಕರಿನಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ. ಎಡಿಟಿಂಗ್‌ನಲ್ಲಿ 25ಕ್ಕೆ ಇಳಿಸಿದಾಗ ತುಟಿ ಸರಿಯಾಗಿ ಕೂರುತ್ತದೆ.

ಬೈಕ್, ಕೂಲಿಂಗ್ ಗ್ಲಾಸ್ ಸಾಕು ಅಂದುಕೊಳ್ಳಬೇಡಿ. ಪಿಜಿ ರೂಮು, ಬಸ್ ಪಾಸು, ಇಂಟರ್ನಲ್ಸ್ ಹಿಂದಿನ ರಾತ್ರಿ, ಇವೇ ನಿಜವಾದ ಯುವಜನರ ಬದುಕು, ಖರ್ಚೂ ಇಲ್ಲ. ಪ್ರಾಂಶುಪಾಲರ ಅನುಮತಿ ಮಾತ್ರ ಲಿಖಿತವಾಗಿಯೇ ಇರಲಿ.