ಹಟ್ಟಿಯಿಂದ ಮರದ ಬುಡಕ್ಕೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಮುನ್ನೂರು ಅಡಿಕೆ ಮರಗಳ ತೋಟ. ಹಟ್ಟಿಯಲ್ಲಿ ಕಾಸರಗೋಡು ಗಿಡ್ಡ ತಳಿಯ ಎರಡು ಹಸುಗಳಿವೆ. ಗಿಡ್ಡದ ಹಾಲು ಮನೆಯ ಚಹಾಕ್ಕೆ ಸಾಕಾದರೆ ಪುಣ್ಯ. ನಾನು ಅವುಗಳನ್ನು ಸಾಕುವುದು ಸೆಗಣಿಗಾಗಿ.

ಸೆಗಣಿಯಾಗಲಿ ಕೋಳಿಗೊಬ್ಬರವಾಗಲಿ, ಹಸಿಯಾಗಿ ಬುಡಕ್ಕೆ ಹಾಕಬೇಡಿ. ತೋಟದ ಹೊಣೆ ನನ್ನ ಕೈಗೆ ಬಂದ ಮೊದಲ ವರ್ಷ ಅವಸರಪಟ್ಟು ಒಂದು ಪಿಕಪ್ ಕೋಳಿಗೊಬ್ಬರ ತರಿಸಿ, ಬಾಳೆಗಿಡಗಳಿಗೆ ಹಾಗೆಯೇ ಸುರಿದಿದ್ದೆ. ವಾರದೊಳಗೆ ಎಲೆಯಂಚುಗಳು ದೋಸೆಯ ಅಂಚಿನಂತೆ ಸುಟ್ಟು ಮುರುಟಿದವು. ಕೋಳಿಗೊಬ್ಬರದಲ್ಲಿ ಸಾರಜನಕ ಸೆಗಣಿಗಿಂತ ಎಷ್ಟೋ ಪಾಲು ಹೆಚ್ಚು. ಕೊಳೆಯದೆ ಹೋದರೆ ಅದು ಬೇರನ್ನೇ ಸುಡುತ್ತದೆ.

ಗೊಬ್ಬರ ಮಾಡುವ ಕೆಲಸ ಶುರುವಾಗುವುದು ಹಟ್ಟಿಯ ನೆಲದಲ್ಲಿ. ಮಳೆಗಾಲದಲ್ಲಿ ಗುಡ್ಡೆಯ ಹಸಿ ಸೊಪ್ಪು, ಬೇಸಿಗೆಯಲ್ಲಿ ತರಗೆಲೆ ಹಾಸಿ. ಇದು ಹಸುವಿಗೆ ಹಾಸಿಗೆ ಮಾತ್ರವಲ್ಲ, ಗಂಜಳ ಹೀರುವ ಬಟ್ಟೆ ಕೂಡ. ಪೊಟ್ಯಾಷ್‌ನ ದೊಡ್ಡ ಪಾಲು ಇರುವುದು ಗಂಜಳದಲ್ಲಿ. ಸಿಮೆಂಟು ನೆಲ ತೊಳೆದು ಅದನ್ನು ಚರಂಡಿಗೆ ಬಿಡುವವರು ಮತ್ತೆ ಪೇಟೆಗೆ ಹೋಗಿ ಪೊಟ್ಯಾಷ್ ಚೀಲ ಹೊತ್ತು ತರುತ್ತಾರೆ!

ಗೊಬ್ಬರದ ಗುಂಡಿ ಎತ್ತರದ ಜಾಗದಲ್ಲಿರಲಿ, ಮೇಲೆ ಮಾಡು ಬೇಕೇ ಬೇಕು. ತಗಡಾದರೂ ಸರಿ, ತೆಂಗಿನ ಮಡಲಾದರೂ ಸರಿ. ಆಟಿ ತಿಂಗಳ ಜೋರು ಮಳೆಯಲ್ಲಿ ತೆರೆದ ಗುಂಡಿಯಿಂದ ಚಹಾದ ಬಣ್ಣದ ನೀರು ತೋಡಿಗೆ ಇಳಿಯುವುದನ್ನು ನೋಡಿದ್ದೀರಲ್ಲ, ಗೊಬ್ಬರದ ಸತ್ವ ಅದೇ. ನನ್ನಲ್ಲಿ ಎರಡು ಗುಂಡಿಗಳಿವೆ: ಒಂದು ತುಂಬುವಾಗ ಇನ್ನೊಂದು ಮಾಗುತ್ತದೆ. ಗೇಣುದ್ದ ಸೆಗಣಿ ಸೊಪ್ಪು, ಮೇಲೊಂದು ತೆಳು ಪದರ ಮಣ್ಣು, ಹೀಗೆ ತುಂಬಿಸಿ. ಸುಣ್ಣ, ಬೂದಿ ಗುಂಡಿಗೆ ಬೇಡ. ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ಮೂಗಿಗೇ ತಿಳಿಯುತ್ತದೆ. ನಮ್ಮ ಮುರಕಲ್ಲಿನ ಹುಳಿಮಣ್ಣಿಗೆ ಸುಣ್ಣ ಬೇಕು ನಿಜ, ಅದನ್ನು ಬೇರೆಯಾಗಿ, ಗೊಬ್ಬರ ಹಾಕುವ ಕೆಲವು ವಾರ ಮೊದಲೇ ಮಣ್ಣಿಗೆ ಕೊಡಿ.

ಒಳಗೆ ಬೆಂದಿದೆಯೇ ಎಂದು ನೋಡಲು ಕಬ್ಬಿಣದ ಹಾರೆಯನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಎಳೆದ ತುದಿಯನ್ನು ಹಿಡಿದಿರಲಾರದಷ್ಟು ಬಿಸಿಯಿದ್ದರೆ ಕೆಲಸ ನಡೆಯುತ್ತಿದೆ. ತಣ್ಣಗಾದಾಗ ಮಗುಚಬೇಕು. ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣುವಷ್ಟು ತೇವ ಸಾಕು.

ಮಗುಚುವಾಗ ಹುಳ ಸಿಗುತ್ತವೆ: ಹೆಬ್ಬೆರಳು ಗಾತ್ರ, ಬಿಳಿ ಮೈ, ಕಂದು ತಲೆ, ಬಿಲ್ಲಿನಂತೆ ಸುರುಟಿಕೊಂಡು ಮಲಗಿರುತ್ತವೆ. ಇವು ಕುರುವಾಯಿ ದುಂಬಿಯ ಮರಿಗಳು. ದುಂಬಿ ಮೊಟ್ಟೆ ಇಡುವುದು ಗೊಬ್ಬರದ ಗುಂಡಿಯಲ್ಲಿ, ಕೊರೆಯುವುದು ತೆಂಗಿನ ಸುಳಿಯನ್ನು. ಕತ್ತರಿಯಾಡಿಸಿದಂತೆ ಬಿಡಿಸಿಕೊಳ್ಳುವ ಗರಿ ಕಂಡರೆ ಮೊದಲು ನಿಮ್ಮದೇ ಗುಂಡಿ ಕೆದಕಿ. ಅಡಿಕೆಯ ಬೇರು ತಿನ್ನುವ ಹುಳ ಇದಲ್ಲ, ಅದರ ಜಾತಿ ಬೇರೆ. ನಾನು ಹುಳ ಹೆಕ್ಕಿ ಕೋಳಿಗಳಿಗೆ ಎಸೆಯುತ್ತೇನೆ. ಹುಳ ಹೆಚ್ಚಿದರೆ ಮೆಟಾರೈಝಿಯಂ ಎಂಬ ಹಸಿರು ಶಿಲೀಂಧ್ರವನ್ನು ಗುಂಡಿಗೆ ಹಾಕಬಹುದು. ಸತ್ತ ಹುಳದ ಮೈ ಗಟ್ಟಿಯಾಗಿ, ಹಸಿರು ಪುಡಿ ಹೊದ್ದಿರುತ್ತದೆ.

ಸೆಗಣಿಯ ವಾಸನೆ ಹೋಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದು, ಸೊಪ್ಪಿನ ನರವೂ ಬೆರಳಲ್ಲಿ ಪುಡಿಯಾದರೆ ಗೊಬ್ಬರ ಮಾಗಿದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಇಳಿದ ಮೇಲೆ ಮರಕ್ಕೆ 12 ಕಿಲೋ ಗೊಬ್ಬರ, ಅಷ್ಟೇ ತೂಕದ ಹಸಿ ಸೊಪ್ಪು. ಒಮ್ಮೆ ತೂಗಿ ನೋಡಿದ್ದೇನೆ, ನಮ್ಮ ಹೆಡಿಗೆಗೆ ಅಷ್ಟು ಗೊಬ್ಬರ ಸರಿಯಾಗಿ ಒಂದು ತುಂಬು. ಕಾಂಡಕ್ಕೆ ತಾಗಿಸದೆ, ಸುತ್ತ ಎರಡೂವರೆ ಅಡಿಯವರೆಗೆ ಬುಡ ಬಿಡಿಸಿ, ಗೇಣಿಗಿಂತ ಆಳ ಹೋಗದೆ ಹರಡಿ, ಅದೇ ದಿನ ಮಣ್ಣು ಮುಚ್ಚಿ. ಬಿಸಿಲಿಗೆ ಬಿಟ್ಟರೆ ಅರ್ಧ ಗಾಳಿಗೆ.

ಇಷ್ಟರಿಂದ ಅಡಿಕೆಯ ಹೊಟ್ಟೆ ತುಂಬುವುದಿಲ್ಲ ಎಂಬುದೂ ಗೊತ್ತಿರಲಿ. ಇದರ ಮೇಲೆ ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ನಮ್ಮ ಮಣ್ಣು ಪರೀಕ್ಷೆಯ ವರದಿ ಮಲಯಾಳದಲ್ಲಿ ಬಂದಿತ್ತು. ಮಗಳು ಓದಿ ಹೇಳಿದಳು, ಪೊಟ್ಯಾಷ್ ಕಡಿಮೆ ಎಂದು. ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಈಗ ಬಚ್ಚಲೊಲೆಯ ಬೂದಿಯನ್ನು ಡಬ್ಬದಲ್ಲಿ ತುಂಬಿಡುತ್ತೇನೆ, ಗೊಬ್ಬರದ ಗುಂಡಿಯಿಂದ ದೂರ, ಇನ್ನೊಂದು ಮೂಲೆಯಲ್ಲಿ.