ಮಂಜು ಕವಿದು ರೈಲು, ವಿಮಾನ ನಿಂತಾಗ ಟಿಕೆಟ್ ಹಣವನ್ನೂ ಸಂಬಳವನ್ನೂ ಉಳಿಸಿಕೊಳ್ಳುವುದು ಹೇಗೆ?

ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಕಾಶಿಯಾತ್ರೆ ಮುಗಿಸಿ ಜನವರಿಯಲ್ಲಿ ಊರಿಗೆ ಹೊರಟಿದ್ದರು. ರೈಲು ಹತ್ತಬೇಕಿದ್ದದ್ದು ದೀನದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ. ನಮ್ಮ ಹಿರಿಯರು ಈಗಲೂ ಮೊಘಲ್‌ಸರಾಯ್ ಎಂದೇ ಕರೆಯುವ ನಿಲ್ದಾಣ ಅದು. ರಾತ್ರಿಯ ರೈಲು ಏಳು ಗಂಟೆ ತಡ ಎಂದು ಮೈಕಿನಲ್ಲಿ ಕೂಗಿದರು. ಚಳಿಗೆ ಚಿಕ್ಕಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಇಬ್ಬರೂ ಆಟೊ ಹಿಡಿದು ಜಂಗಮವಾಡಿ ಮಠದ ಕೋಣೆಗೆ ವಾಪಸ್ ಹೋದರು, ಮೂರನೇ ದಿನ ವಿಮಾನದಲ್ಲಿ ಬಂದರು. ಟಿಕೆಟ್ ಹಣದ ಬಗ್ಗೆ ಫೋನಿನಲ್ಲಿ ಕೇಳಿದಾಗ ಚಿಕ್ಕಪ್ಪ, ‘ಊರಿಗೆ ಬಂದ್ಮೇಲೆ ನಿಧಾನಕ್ಕೆ ಅರ್ಜಿ ಹಾಕಿದ್ರಾಯ್ತು ಬಿಡಪ್ಪಾ’ ಅಂದಿದ್ದರು. ಊರಿಗೆ ಬಂದ ಮೇಲೆ ಹಾಕಿದರು. ಒಂದು ರೂಪಾಯಿಯೂ ಬರಲಿಲ್ಲ. ಅವರಿಗೆ ಪೂರ್ತಿ ಹಣ ಪಡೆಯುವ ಹಕ್ಕಿತ್ತು. ಕೈಯಲ್ಲಿದ್ದ ಏಳು ಗಂಟೆಗಳಲ್ಲಿ ಎರಡು ನಿಮಿಷದ ಕೆಲಸ ಮಾಡದೇ ಇದ್ದದ್ದರಿಂದ ಅದು ಕೈತಪ್ಪಿತು.

ಇಂಥದ್ದನ್ನು ಪ್ರತಿ ಚಳಿಗಾಲದಲ್ಲೂ ನೋಡುತ್ತಿದ್ದೇನೆ. ಡಿಸೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರಗಳವರೆಗೆ ಪಂಜಾಬಿನಿಂದ ಬಿಹಾರದವರೆಗಿನ ಬಯಲಿನ ಮೇಲೆ ಮಂಜು ಹಾಸಿಕೊಳ್ಳುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 200 ಮೀಟರ್‌ಗಿಂತ ಆಚೆಗೆ ಕಾಣದಿದ್ದರೆ ಅದು ದಟ್ಟ ಮಂಜು, 50 ಮೀಟರ್ ಕೂಡ ಕಾಣದಿದ್ದರೆ ಅತಿ ದಟ್ಟ ಮಂಜು. ಅಂಥ ಹೊತ್ತಿನಲ್ಲಿ ಸಿಗ್ನಲ್ ಕಾಣುವುದೇ ಕಷ್ಟ. ಲೋಕೊ ಪೈಲಟ್‌ಗೆ ಮುಂದಿನ ಸಿಗ್ನಲ್ ತಿಳಿಸುವ ಜಿಪಿಎಸ್ ಸಾಧನವಿದ್ದರೂ ರೈಲು ಗಂಟೆಗೆ 75 ಕಿ.ಮೀ. ಮೀರುವಂತಿಲ್ಲ. ದೆಹಲಿಗೆ ತಡವಾಗಿ ಹೋದ ಬೋಗಿಗಳೇ ತಿರುಗಿ ಬೆಂಗಳೂರಿಗೆ ಬರಬೇಕು, ಇಲ್ಲಿಂದ ಮತ್ತೆ ಹೊರಡಬೇಕು. ಯಶವಂತಪುರದಲ್ಲಿ ಬಿಸಿಲು ಚೆನ್ನಾಗಿದ್ದರೂ ರೈಲು ತಡವಾಗುವುದು ಇದರಿಂದಲೇ.

ಹೊರಡುವ ಮುಂಚೆ

ಟಿಕೆಟ್ ಮಾಡಿಸುವಾಗ ಏಜೆಂಟಿನ ನಂಬರ್ ಬೇಡ, ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ರದ್ದು, ತಡ ಎಂಬ ಸಂದೇಶ ಹೋಗುವುದು ಆ ನಂಬರಿಗೆ. ಸಂಪರ್ಕದ ವಿವರ ಕೊಡದ ಪ್ರಯಾಣಿಕರಿಗೆ ವಿಮಾನ ರದ್ದಾದಾಗ ಪರಿಹಾರ ಕೊಡಬೇಕಿಲ್ಲ ಎಂದು ನಿಯಮವೇ ಇದೆ. ಎರಡು ರೈಲು ಬದಲಿಸುವ ಪ್ರಯಾಣವಾದರೆ ಎರಡೂ ಪಿಎನ್‌ಆರ್‌ಗಳನ್ನು ಜೋಡಿಸಿಕೊಳ್ಳಿ. 2019ರ ಏಪ್ರಿಲ್‌ನಿಂದ ಆ ಸೌಲಭ್ಯವಿದೆ. ಉತ್ತರ ಭಾರತದಲ್ಲಿ ರೈಲಿಳಿದು ಅದೇ ದಿನ ವಿಮಾನ ಹತ್ತುವ ಯೋಜನೆಯನ್ನಂತೂ ಜನವರಿಯಲ್ಲಿ ಹಾಕಿಕೊಳ್ಳಲೇಬೇಡಿ.

ರೈಲು ತಡವಾದಾಗ: ಎಲ್ಲರೂ ಎಡವುವ ಹೆಜ್ಜೆ

ನೀವು ಹತ್ತುವ ನಿಲ್ದಾಣದಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿದ್ದು, ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ದರ ವಾಪಸ್ ಬರುತ್ತದೆ. ಟಿಕೆಟ್ ಕನ್ಫರ್ಮ್ ಆಗಿದ್ದರೂ ಸರಿ, ಆರ್‌ಎಸಿ, ವೇಟಿಂಗ್ ಲಿಸ್ಟ್ ಇದ್ದರೂ ಸರಿ. ತತ್ಕಾಲ್ ಟಿಕೆಟಿಗೆ ಹಣ ವಾಪಸ್ ಇಲ್ಲವೆಂದು ಸುಮ್ಮನಾಗುವವರೇ ಹೆಚ್ಚು, ಆದರೆ ಮೂರು ಗಂಟೆಯ ಈ ನಿಯಮ ತತ್ಕಾಲ್‌ಗೂ ಅನ್ವಯಿಸುತ್ತದೆ. ಆನ್‌ಲೈನ್ ಬುಕಿಂಗಿನ ಸೇವಾ ಶುಲ್ಕ ಮಾತ್ರ ಬರುವುದಿಲ್ಲ.

ಇಲ್ಲಿ ಎರಡು ಕಡೆ ಜನ ತಪ್ಪುತ್ತಾರೆ.

ಒಂದು, ತಡ ಎಂದು ಕೇಳಿದ ಕೂಡಲೇ ಗಾಬರಿಯಲ್ಲಿ ‘ಕ್ಯಾನ್ಸಲ್’ ಒತ್ತುವುದು. ಆಗ ಅದು ನಿಮ್ಮ ಇಷ್ಟದಿಂದ ನೀವೇ ರದ್ದು ಮಾಡಿದಂತೆ. ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಹೆಚ್ಚು. ಕ್ಯಾನ್ಸಲ್ ಮಾಡಿದ ಮೇಲೆ ‘ರೈಲೇ ತಡವಾಗಿತ್ತು ಸ್ವಾಮಿ’ ಎಂದು ಯಾರ ಹತ್ತಿರ ಹೇಳಿದರೂ ಉಪಯೋಗವಿಲ್ಲ. ನೀವು ಮಾಡಬೇಕಾದ್ದು ಕ್ಯಾನ್ಸಲ್ ಅಲ್ಲ, ಟಿಡಿಆರ್ (ಟಿಕೆಟ್ ಡೆಪಾಸಿಟ್ ರಿಸೀಟ್), ಅಂದರೆ ಕಾರಣ ಹೇಳಿ ಟಿಕೆಟ್ ಹಣ ವಾಪಸ್ ಕೇಳುವ ಅರ್ಜಿ.

ಎರಡನೆಯದು ನಮ್ಮ ಚಿಕ್ಕಪ್ಪ ಮಾಡಿದ್ದು. ಟಿಡಿಆರ್ ಹಾಕಲು ಗಡುವು ನಿಮ್ಮ ನಿಲ್ದಾಣದಿಂದ ರೈಲು ನಿಜವಾಗಿ ಹೊರಡುವ ಕ್ಷಣ. ಟಿಕೆಟಿನಲ್ಲಿ ಅಚ್ಚಾದ ಸಮಯ ದಾಟಿದರೂ ಪರವಾಗಿಲ್ಲ, ರೈಲು ಬಂದು ಹೊರಟುಹೋದ ಮೇಲೆ ಹಾಕಿದರೆ ಈ ಕಾರಣ ನಿಲ್ಲುವುದಿಲ್ಲ. ಏಳು ಗಂಟೆ ತಡ ಎಂದ ರೈಲು ದಾರಿಯಲ್ಲಿ ಸಮಯ ಸರಿದೂಗಿಸಿಕೊಂಡು ಆರೇ ಗಂಟೆ ತಡವಾಗಿ ಬಂದುಬಿಡಬಹುದು. ಹಾಗಾಗಿ ಕೊನೆಯ ನಿಮಿಷದವರೆಗೆ ಕಾಯಬೇಡಿ. ಹೋಗುವುದಿಲ್ಲ ಎಂದು ತೀರ್ಮಾನವಾದ ಕೂಡಲೇ, ನಿಲ್ದಾಣದ ಬೆಂಚಿನ ಮೇಲೆ ಕೂತೇ ಹಾಕಿ.

ಮಾಡುವ ಬಗೆ ಹೀಗೆ. ಮೊದಲು ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನಿಮ್ಮ ರೈಲು ನಂಬರ್ ಹಾಕಿ, ನಿಮ್ಮ ನಿಲ್ದಾಣದ ಎದುರು ಎಷ್ಟು ತಡ ಎಂದಿದೆ ನೋಡಿ. ರೈಲು ಹೊರಟ ಊರಿನಲ್ಲಿ ನಾಲ್ಕು ಗಂಟೆ ತಡವಾಗಿ, ನಿಮ್ಮ ನಿಲ್ದಾಣಕ್ಕೆ ಬರುವಷ್ಟರಲ್ಲಿ ಎರಡೂವರೆಗೆ ಇಳಿದಿದ್ದರೆ ಹಣ ಬರುವುದಿಲ್ಲ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಸಮಯ ಕಾಣುವಂತಿರಲಿ. ಮೊಬೈಲ್ ಟವರ್ ನೋಡಿ ರೈಲು ಎಲ್ಲಿದೆ ಎಂದು ಊಹಿಸುವ ಖಾಸಗಿ ಆ್ಯಪ್‌ಗಳ ಸ್ಕ್ರೀನ್‌ಶಾಟ್ ನಂಬಿಕೊಂಡು ಕೂರಬೇಡಿ. ಆಮೇಲೆ ಐಆರ್‌ಸಿಟಿಸಿ ಖಾತೆಗೆ ಹೋಗಿ, ಬುಕ್ ಮಾಡಿದ ಟಿಕೆಟ್‌ಗಳ ಪಟ್ಟಿಯಲ್ಲಿ ‘ಫೈಲ್ ಟಿಡಿಆರ್’ ಹುಡುಕಿ. ಕಾರಣಗಳ ಉದ್ದದ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ರೈಲು ಮೂರು ಗಂಟೆಗಿಂತ ಹೆಚ್ಚು ತಡ, ಪ್ರಯಾಣಿಕರು ಪ್ರಯಾಣಿಸಿಲ್ಲ ಎಂಬ ಅರ್ಥದ ಸಾಲನ್ನೇ ಆರಿಸಿ. ಅವಸರದಲ್ಲಿ ‘ಪ್ರಯಾಣಿಕರು ಪ್ರಯಾಣಿಸಿಲ್ಲ’ ಎಂದಷ್ಟೇ ಇರುವ ಬೇರೆ ಸಾಲು ಒತ್ತಿದವರನ್ನು ನೋಡಿದ್ದೇನೆ. ಅದರಲ್ಲಿ ತಪ್ಪು ರೈಲಿನದಲ್ಲ, ನಿಮ್ಮದೇ ಎಂದಾಗುತ್ತದೆ. ಕೊನೆಗೆ ಬರುವ ಸ್ವೀಕೃತಿಯನ್ನು ಉಳಿಸಿಕೊಳ್ಳಿ. ಹಣ ಬರಲು ವಾರಗಳೇ ಹಿಡಿಯಬಹುದು.

ಟಿಕೆಟ್ ಮಗನ ಖಾತೆಯಿಂದ ಬುಕ್ ಆಗಿದ್ದರೆ ಟಿಡಿಆರ್ ಕೂಡ ಮಗನೇ ಹಾಕಬೇಕು. ಅಪ್ಪ ಅಮ್ಮ ಪ್ಲಾಟ್‌ಫಾರ್ಮಿನಲ್ಲಿ, ಪಾಸ್‌ವರ್ಡ್ ಮಲಗಿರುವ ಮಗನ ಹತ್ತಿರ ಎಂಬಂತಾದರೆ ರೈಲು ಹೊರಟೇ ಹೋಗುತ್ತದೆ. ಹಿರಿಯರನ್ನು ಯಾತ್ರೆಗೆ ಕಳಿಸಿದವರು ಆ ರಾತ್ರಿ ಫೋನ್ ಸೈಲೆಂಟ್ ಮಾಡಬೇಡಿ.

ಕೌಂಟರಿನಲ್ಲಿ ತೆಗೆದ ಟಿಕೆಟ್ ಆದರೆ, ರೈಲು ಹೊರಡುವ ಮುಂಚೆ ಕೌಂಟರಿಗೇ ಒಪ್ಪಿಸಿ. ರೈಲು ಪೂರ್ತಿ ರದ್ದಾದರೆ ಇ-ಟಿಕೆಟ್ ಹಣ ತಾನಾಗಿಯೇ ಬರುತ್ತದೆ, ನೀವು ಏನೂ ಒತ್ತಬೇಕಿಲ್ಲ. ಕೌಂಟರ್ ಟಿಕೆಟಿಗೆ ಮೂರು ದಿನದ ಅವಕಾಶವಿದೆ. ಜೋಡಿಸಿದ ಪಿಎನ್‌ಆರ್‌ನಲ್ಲಿ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಮೊದಲ ರೈಲು ತಲುಪಿದ ಮೂರು ಗಂಟೆಯೊಳಗೆ ಹಣ ಕೇಳಬೇಕು.

ಟಿಕೆಟ್ ಜೊತೆ 45 ಪೈಸೆಗೆ ಸಿಗುವ ವಿಮೆ ಅಪಘಾತಕ್ಕೆ, ತಡಕ್ಕಲ್ಲ. ಖಾಸಗಿ ಬುಕಿಂಗ್ ಆ್ಯಪ್‌ಗಳು ಮಾರುವ ‘ಫ್ರೀ ಕ್ಯಾನ್ಸಲೇಷನ್’ ನನಗೆ ಒಪ್ಪಿಗೆಯಿಲ್ಲ. ನಿಯಮವೇ ಉಚಿತವಾಗಿ ಕೊಟ್ಟಿರುವುದಕ್ಕೆ ಮತ್ತೆ ದುಡ್ಡು ಕೊಡುವುದೇಕೆ?

ವಿಮಾನ: ಕಾರಣ ಬರಹದಲ್ಲಿ ಕೇಳಿ

ದೆಹಲಿಯಂಥ ಕಡೆ ಮಂಜಿನಲ್ಲೂ ಉಪಕರಣಗಳ ನೆರವಿನಿಂದ ವಿಮಾನ ಇಳಿಸುವ ಕ್ಯಾಟ್-3ಬಿ ವ್ಯವಸ್ಥೆಯಿರುವುದರಿಂದ ರನ್‌ವೇಯಲ್ಲಿ 50 ಮೀಟರ್ ಕಂಡರೂ ವಿಮಾನ ಇಳಿಸಬಹುದು. ಆದರೆ ಮೇಲೇರಲು 125 ಮೀಟರ್ ಬೇಕು. ಅದಕ್ಕೇ ವಿಮಾನಗಳು ಬಂದು ಇಳಿಯುತ್ತಿದ್ದರೂ ನಿಮ್ಮದು ಹೊರಡುವುದಿಲ್ಲ. ಕೌಂಟರಿನ ಹುಡುಗಿಯ ಮೇಲೆ ಕೂಗಾಡಿ ಫಲವಿಲ್ಲ.

ಮಂಜಿನಿಂದ ವಿಮಾನ ರದ್ದಾದರೆ 5,000ದಿಂದ 10,000 ರೂಪಾಯಿವರೆಗಿನ ನಷ್ಟಪರಿಹಾರ ಸಿಗುವುದಿಲ್ಲ. ಹವಾಮಾನ ‘ಅಸಾಧಾರಣ ಪರಿಸ್ಥಿತಿ’ಯ ಪಟ್ಟಿಯಲ್ಲಿದೆ. ಹೋಟೆಲ್ ಕೊಡುವ ಬಾಧ್ಯತೆಯೂ ಅವರಿಗಿರುವುದಿಲ್ಲ. ಆದರೆ ಟಿಕೆಟ್ ಹಣ ಬೇರೆ, ನಷ್ಟಪರಿಹಾರ ಬೇರೆ. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲೊಂದು ನಿಮ್ಮ ಆಯ್ಕೆ. ಆರು ಗಂಟೆಗಿಂತ ಹೆಚ್ಚು ತಡವಾಗುವಂತಿದ್ದರೂ ಹಾಗೆಯೇ. ‘ಮಂಜು ಸಾರ್, ಏನೂ ಬರಲ್ಲ’ ಎನ್ನುವವರು ಎರಡನ್ನೂ ಕಲಸಿ ಹೇಳುತ್ತಿರುತ್ತಾರೆ. ಇಲ್ಲೂ ನೀವಾಗಿ ಮುಂಚೆಯೇ ಕ್ಯಾನ್ಸಲ್ ಒತ್ತಬೇಡಿ. ವಿಮಾನ ಸಂಸ್ಥೆ ರದ್ದು ಎಂದು ಸಂದೇಶ ಕಳಿಸುವವರೆಗೆ ಕಾಯಿರಿ.

ನಿಜವಾದ ಕಾರಣ ಮಂಜೇ ಹೌದೋ ಎನ್ನುವುದನ್ನು ಖಚಿತ ಮಾಡಿಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಬಿಸಿಲು ಬಂದು ಬೇರೆ ವಿಮಾನಗಳು ಸಾಲಾಗಿ ಹೊರಡುತ್ತಿದ್ದು, ನಿಮ್ಮದು ಮಾತ್ರ ಸಂಜೆವರೆಗೆ ನಿಂತಿದ್ದರೆ ಯಂತ್ರದ ತೊಂದರೆ ಇರಬಹುದು, ಸಿಬ್ಬಂದಿಯ ಕೊರತೆಯೂ ಇರಬಹುದು. ಹೊರಡುವ ವಿಮಾನಗಳ ಬೋರ್ಡಿನ ಫೋಟೊ ತೆಗೆಯಿರಿ. ತಡದ ಕಾರಣವನ್ನು ಇಮೇಲ್‌ನಲ್ಲೋ ಚೀಟಿಯಲ್ಲೋ ಬರೆದುಕೊಡುವಂತೆ ಕೇಳಿ. ಬಾಯಿಮಾತು ನಾಳೆ ಬದಲಾಗುತ್ತದೆ.

ಹಣದ ಬದಲು ‘ಕ್ರೆಡಿಟ್ ಶೆಲ್’ (ಮುಂದಿನ ಟಿಕೆಟಿಗೆ ಬಳಸಲು ಅವರಲ್ಲೇ ಉಳಿಯುವ ಜಮೆ) ಕೊಡುತ್ತೇವೆ ಎಂದರೆ ಬೇಡ ಎನ್ನಿ. ಅದನ್ನು ತೆಗೆದುಕೊಳ್ಳುವುದು ಬಿಡುವುದು ಪ್ರಯಾಣಿಕರ ಇಚ್ಛೆ ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಏಜೆಂಟ್ ಮೂಲಕ ತೆಗೆದ ಟಿಕೆಟ್ ಆದರೂ ಹಣ ವಾಪಸ್ ಮಾಡುವ ಹೊಣೆ ವಿಮಾನ ಸಂಸ್ಥೆಯದೇ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡಬೇಡಿ, ಟಿಕೆಟಿನ ಮೇಲಿರುವುದನ್ನೇ ಬಳಸಿ. ವಿಮಾನಗಳು ಸಾಲಾಗಿ ರದ್ದಾದ ದಿನ ಮೋಸದ ನಂಬರಿನವರಿಗೆ ಸುಗ್ಗಿ. ರೀಫಂಡ್‌ಗೆಂದು ಓಟಿಪಿ ಕೇಳುವವರು, ಫೋನಿಗೆ ಯಾವುದೋ ಆ್ಯಪ್ ಹಾಕಿಕೊಳ್ಳಿ ಎನ್ನುವವರು ಕಳ್ಳರೇ.

ಸಂಬಳದ ವಿಷಯ

ರಜೆಗೆಂದು ಹೋಗಿ ಮಂಜಿನಲ್ಲಿ ಸಿಕ್ಕಿಕೊಂಡವರಿಗೆ ಹೆಚ್ಚಿನ ದಿನಗಳ ಸಂಬಳ ಕೊಡಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಇರುವ ದಾರಿ ಗಳಿಕೆ ರಜೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಂಬಳ ಸಹಿತ ರಜೆ ಸೇರುತ್ತದೆ. ರಜೆ ಮುಗಿದಿದ್ದರೆ ಸಂಬಳ ಕಡಿಯಬಹುದು, ಆದರೆ ಗೈರಾದ ಅವಧಿಗೆ ತಕ್ಕಷ್ಟೇ. ಎರಡು ದಿನಕ್ಕೆ ನಾಲ್ಕು ದಿನದ ಸಂಬಳ ಹಿಡಿಯುವಂತಿಲ್ಲ. ನಿಲ್ದಾಣದಿಂದಲೇ, ಅದೇ ರಾತ್ರಿ ಮೇಲಧಿಕಾರಿಗೆ ಇಮೇಲ್ ಹಾಕಿ: ಯಾವ ರೈಲು, ಎಷ್ಟು ತಡ, ಯಾವಾಗ ಬರುತ್ತೀರಿ, ಮನೆಯಿಂದ ಕೆಲಸ ಮಾಡಬಹುದೇ. ಸ್ಕ್ರೀನ್‌ಶಾಟ್ ಜೊತೆಗಿರಲಿ. ಸುಳ್ಳು ಸಿಕ್ ಲೀವ್ ಮಾತ್ರ ಹಾಕಬೇಡಿ, ನಿಮ್ಮ ಟಿಕೆಟೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಕಂಪನಿ ಕೆಲಸಕ್ಕೇ ಹೋಗಿ ಸಿಕ್ಕಿಕೊಂಡಿದ್ದರೆ ಅದಕ್ಕೆ ರಜೆ ಅರ್ಜಿ ಹಾಕಲೇಬೇಡಿ, ಆ ದಿನಗಳನ್ನು ಡ್ಯೂಟಿ ಎಂದೇ ಬರೆಯಿಸಿ.

ಕಾರ್ಖಾನೆಯವರ ಸ್ಥಿತಿ ಬೇರೆ. ಲಾರಿಗಳು ಮಂಜಿನಲ್ಲಿ ನಿಂತು ಕಚ್ಚಾ ಮಾಲು ಬಾರದೆ ‘ಇವತ್ತು ಕೆಲಸವಿಲ್ಲ’ ಎಂದು ಗೇಟಿನಲ್ಲಿ ಹೇಳಿದರೆ ಅದು ಲೇ-ಆಫ್. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಹಳೆಯ ಕಾಯ್ದೆಯಂತೆ ಇದಕ್ಕೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧವನ್ನು ಕೊಡಿಸುತ್ತದೆ. ಕಾರ್ಖಾನೆಯಲ್ಲಿ 50 ಅಥವಾ ಹೆಚ್ಚು ಕಾರ್ಮಿಕರಿರಬೇಕು, ನಿಮಗೆ ಒಂದು ವರ್ಷದ ಸೇವೆಯಾಗಿರಬೇಕು, ಬದಲಿ ಅಥವಾ ಹಂಗಾಮಿ ನೌಕರರಾಗಿರಬಾರದು. ಇದರಲ್ಲೂ ಜನ ಎಡವುವ ಜಾಗವೊಂದಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ ಕೆಲಸ ಇಲ್ವಂತೆ’ ಎಂದು ಬಂದದ್ದನ್ನು ನಂಬಿ ಮನೆಯಲ್ಲೇ ಉಳಿಯುತ್ತಾರೆ. ಹೊತ್ತಿಗೆ ಸರಿಯಾಗಿ ಗೇಟಿಗೆ ಹೋಗಿ ಹಾಜರಿ ಹಾಕಿದವರಿಗೆ ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಮಾತ್ರ ಅದು ಲೇ-ಆಫ್ ಎನಿಸಿಕೊಳ್ಳುತ್ತದೆ. ಹೋಗದವರದ್ದು ಬರೀ ಗೈರುಹಾಜರಿ. ಹೋಗಿ, ಹೆಸರು ಬರೆಸಿ ಬನ್ನಿ.

ದಿನಗೂಲಿಯವರನ್ನು ಕೆಲಸಕ್ಕೆ ಇಳಿಸಿಕೊಂಡು ಮಧ್ಯಾಹ್ನ ಕೆಲಸವಿಲ್ಲವೆಂದು ಕಳಿಸಿದರೆ ಪೂರ್ತಿ ದಿನದ ಕನಿಷ್ಠ ಕೂಲಿ ಸಲ್ಲಬೇಕು ಎನ್ನುತ್ತದೆ ವೇತನ ಸಂಹಿತೆ. ಕೆಲಸ ಕೊಟ್ಟೂ ತಾವೇ ಬೇಡವೆಂದು ಹೋದವರಿಗೆ ಇದಿಲ್ಲ.

ಕೊಡಲಿಲ್ಲವೆಂದರೆ

ರೈಲಿನ ದೂರಿಗೆ 139 ಅಥವಾ ರೈಲ್‌ಮದದ್, ವಿಮಾನದ್ದಾದರೆ ಮೊದಲು ಆ ಸಂಸ್ಥೆಗೆ ಬರೆದು, ಆಮೇಲೆ ಸರ್ಕಾರದ ದೂರು ತಾಣ ಏರ್‌ಸೇವಾ. ಎರಡರಲ್ಲೂ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. ಘಟನೆ ದೆಹಲಿಯಲ್ಲಿ ನಡೆದಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಜಮ್ಮುವಿಗೆ ನಾಲ್ಕು ಗಂಟೆ ತಡವಾಗಿ ತಲುಪಿದ ರೈಲಿನಿಂದಾಗಿ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಕುಟುಂಬಕ್ಕೆ ರೈಲ್ವೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ತಡಕ್ಕೆ ಕಾರಣ ತನ್ನ ಕೈಮೀರಿದ್ದೆಂದು ರೈಲ್ವೆಯೇ ಸಾಬೀತು ಮಾಡಬೇಕು ಎಂದಿತು. ಮಂಜು ನಿಜವಾಗಿ ಇದ್ದ ದಿನ ಅವರಿಗೆ ಅದು ಸುಲಭ, ಇಲ್ಲದ ದಿನ ನಿಮ್ಮ ಸ್ಕ್ರೀನ್‌ಶಾಟ್ ಕೆಲಸಕ್ಕೆ ಬರುತ್ತದೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಕಾಲಾವಕಾಶವಿದೆ. ಟಿಕೆಟ್, ಟಿಡಿಆರ್ ಸ್ವೀಕೃತಿ, ಫೋಟೊ, ಇಮೇಲ್ ಎಲ್ಲವನ್ನೂ ಅಲ್ಲಿಯವರೆಗೆ ಅಳಿಸಬೇಡಿ.